ಬರೇ ನೆಗಡಿ ಅಂತ ಸುಮ್ಮನಿದ್ದೆ

"ನೆಗಡಿ ಬಂತಂತ ಮೂಗು ಕೊಯ್ಕೊಂಡಿದ್ರಂತ" ಅಂತ ನಮ್ಮವ್ವ ಮಾತು ಮಾತಿಗೆ ಅಂತಿದ್ಲು. ನೆಗಡಿ ಅನ್ನೂದು ಬರತೈತಿ, ಹೋಗತೈತಿ, ಅದಕ್ಕ ಯಾರೂ ಕಿಮ್ಮತ್ತು ಕೊಡಬಾರದು ಅನ್ನೂದು ಆಕಿ ಲೆಕ್ಕ. ಔಷಧ ತಗೊಂಡ್ರ ಏಳು ದಿನ, ತಗೊಳ್ಳದಿದ್ರ ಒಂದು ವಾರ ಅಂತ ನಗತಿದ್ಲು. ನಾನೂ ಹಂಗ ಬೆಳದೆ. ಹಿಂಗಾಗಿ ನನ್ನ ನೆಗಡಿ ಏಳು ದಿನದ್ದಲ್ಲ, ಎಂಟು ವರ್ಷದ್ದು ಅಂತ ನನಗ ತಿಳಿಯೂ ಹೊತ್ತಿಗೆ ಮನ್ಯಾಗ ಆಗಬಾರದ್ದೊಂದು ಆಗೂದಿತ್ತು. ಅದನ್ನ ನಿಮ್ಮ ಮುಂದ ಹೇಳಬೇಕೋ ಬ್ಯಾಡೋ ಅಂತ ಭಾಳ ದಿನ ಯೋಚನೆ ಮಾಡಿದೆ. ನಾಚಿಕಿ ಬರೂ ವಿಷಯ. ಆದ್ರ ನಮ್ಮ ಓಣ್ಯಾಗ ಇನ್ನೂ ಇಬ್ಬರು ಮೂವರು ಸೆರಗಿಲೆ ಮೂಗು ಒರಸಿಕೋತ ಅಡ್ಡಾಡೂದು ನೋಡೀನಿ. ಅವರ ಸಲುವಾಗಿ ಬರೀತೀನಿ.

ಶುರು ಆಗಿದ್ದು 2016ರಾಗ. ಆವಾಗ ನನಗ ನಲವತ್ತೈದು. ಭತ್ತದ ಕೊಯ್ಲು ಮುಗಿದು ಗದ್ದ್ಯಾಗ ಹುಲ್ಲಿಗೆ ಬೆಂಕಿ ಹಚ್ಚೂ ದಿನ. ನಮ್ಮ ಆನೆಗೊಂದಿ ನಿಮಗ ಗೊತ್ತೈತಲ್ಲ, ಒಂದು ಕಡಿ ಹೊಳಿ, ಮೂರು ಕಡಿ ಗುಡ್ಡ, ನಡುವ ಭತ್ತ, ಬಾಳಿ ತ್ವಾಟ. ಹೊಗಿ ಎದ್ರ ಗುಡ್ಡಕ್ಕ ಬಡದು ವಾಪಸ್ ಊರಾಗ ಬಂದು ಕುಂದರತೈತಿ. ಮುಂಜಾನೆ ಎದ್ದು ಅಂಗಳ ಸಾರಿಸೂ ಮುಂದ ಮೂಗಿನಿಂದ ಬರೇ ನೀರು. ನಳ ತಿರುವಿಟ್ಟಂಗ. ಕಣ್ಣು ಕೆರಿಯೂದಿಲ್ಲ, ಜ್ವರ ಇಲ್ಲ, ಸೀನು ಸೈತ ಜಾಸ್ತಿ ಇಲ್ಲ. ನೀರು, ಇಲ್ಲಾಂದ್ರ ಕಟ್ಟಿಕೊಳ್ಳೂದು. ಒಂದು ಹೊಳ್ಳಿ ಬಿಟ್ಟರ ಇನ್ನೊಂದು ಹೊಳ್ಳಿ ಮುಚ್ಚತಿತ್ತು.

ಸುಗ್ಗಿ ಮುಗಿದ ಮ್ಯಾಲ ಹೋಗತೈತಿ ಅಂದ್ಕೊಂಡೆ. ಹೋಗಲಿಲ್ಲ. ಒಗ್ಗರಣಿ ಹಾಕಿದ್ರ ಬಂತು. ದೇವರ ಮುಂದ ಊದಿನಕಡ್ಡಿ ಹಚ್ಚಿದ್ರ ಬಂತು. ಗಂಗಾವತಿ ರೈಸ್ ಮಿಲ್ಲಿನ ದಾರಿ ಹಿಡದ್ರ ಬಂತು. ಚಳಿಗಾಲದಾಗ ಹೊಳಿ ಮ್ಯಾಲಿಂದ ತಣ್ಣನ ಗಾಳಿ ಬೀಸಿದ್ರ ಬಂತು, ಬ್ಯಾಸಗ್ಯಾಗ ಬಿಸಲಿಂದ ಒಳಗ ಬಂದು ಫ್ಯಾನಿನ ಬುಡಕ ಕುಂತ್ರೂ ಬಂತು. ಹಸಿಮೆಣಸಿನಕಾಯಿ ಖಾರ, ರೊಟ್ಟಿ ತಿನ್ನೂ ಮುಂದಂತೂ ಒಂದು ಕೈಯಾಗ ತುತ್ತು, ಇನ್ನೊಂದು ಕೈಯಾಗ ಅರಿವಿ.

ಮನಿ ಔಷಧ ಒಂದೂ ಬಿಡಲಿಲ್ಲ. ಓಂಕಾಳು ಹುರದು ಗಂಟು ಕಟ್ಟಿ ಮೂಸಿದೆ. ಮೆಣಸು, ಶುಂಠಿ, ತುಳಸಿ ಕಷಾಯ ಕುಡದೆ. ಅರಿಶಿಣದ ಕೊಂಬು ಸುಟ್ಟು ಹೊಗಿ ತಗೊಂಡೆ, ಅದರಿಂದ ಇನ್ನೂ ಜಾಸ್ತಿ ಆತು. ಎಲ್ಲಾರೂ ಅಲರ್ಜಿ ಅಂದ್ರು. ಬದನಿಕಾಯಿ ಬಿಡು ಅಂದ್ರು, ಮಜ್ಜಿಗಿ ಬಿಡು ಅಂದ್ರು, ಬಾಳೆಹಣ್ಣು ಬಿಡು ಅಂದ್ರು. ಬಾಳಿ ತ್ವಾಟದ ಊರಾಗ ಇದ್ದು ಎರಡು ವರ್ಷ ಬಾಳೆಹಣ್ಣು ಮುಟ್ಟಲಿಲ್ಲ. ಅಲರ್ಜಿ ಗುಳಿಗಿ ನುಂಗಿದ್ರ ನಿದ್ದಿ ಬರತಿತ್ತು, ಮೂಗು ಮಾತ್ರ ಹಂಗ ಇತ್ತು.

ಆಮ್ಯಾಲ ಆ ಹನಿ ಔಷಧ ಬಂತು. 2019ರಾಗ. ಯಾರೋ ಹೇಳಿದ್ರು ಅಂತ ಒಂದು ಅಂಗಡ್ಯಾಗ ಕೇಳಿ ತಗೊಂಡೆ, ಡಾಕ್ಟರ ಚೀಟಿ ಏನೂ ಇಲ್ಲ. ಹೆಬ್ಬೆರಳಷ್ಟು ಶೀಸೆ. ಎರಡೂ ಹೊಳ್ಳಿಗೆ ಎರಡೆರಡು ಹನಿ. ಯವ್ವಾ, ಏನು ಹೇಳಲಿ! ಎರಡು ನಿಮಿಷದಾಗ ಮೂಗು ಹರಗಡೆ ಆತು. ಮೂರು ವರ್ಷದ ಮ್ಯಾಲ ಆವತ್ತು ರಾತ್ರಿ ಬಾಯಿ ಮುಚ್ಚಿ ಮಲಗಿದೆ. ಮುಂಜಾನೆ ಎದ್ದು ಆ ಶೀಸೆಗೆ ಕೈ ಮುಗಿಯೂದೊಂದು ಬಾಕಿ.

ಆದ್ರ ಅದರ ಡಬ್ಬಿ ಮ್ಯಾಲ ಇರಿವಿ ಸಾಲಿನಂಥ ಅಕ್ಷರದಾಗ ಭಾಳ ದಿನ ಹಾಕಬ್ಯಾಡ್ರಿ ಅಂತ ಬರದಿದ್ರು. ಚಾಳೀಸು ಹಾಕ್ಕೊಂಡು ಅದನ್ನ ಓದೂವರು ಯಾರು? ಮೊದಲ ದಿನಕ್ಕ ಒಮ್ಮೆ ಸಾಕಾಗತಿತ್ತು. ಆಮ್ಯಾಲ ಮುಂಜಾನೆ, ರಾತ್ರಿ. ವರ್ಷ ತುಂಬೂದರಾಗ ನಾಲ್ಕು ತಾಸಿಗೊಮ್ಮೆ. ಹಾಕದಿದ್ರ ಮೊದಲಿಗಿಂತ ಗಟ್ಟಿ ಮುಚ್ಚತಿತ್ತು, ಜೀವ ಹೋದಂಗ ಆಗತಿತ್ತು. ತಲಿದಿಂಬಿನ ಬುಡಕೊಂದು, ಎಲಿಅಡಿಕಿ ಚೀಲದಾಗೊಂದು, ದೇವರ ಜಗಲಿ ಹಿಂದೊಂದು ಶೀಸೆ. ನಮ್ಮನಿಯವ್ರಿಗೆ ಗೊತ್ತಾಗದಂಗ ಕಿರಾಣಿ ರೊಕ್ಕದಾಗ ಉಳಿಸಿ ತರತಿದ್ದೆ. ಒಮ್ಮೆ ಹಂಪಿಗೆ ಮದಿವಿಗೆ ಹೊಂಟಿದ್ವಿ. ತಳವಾರಘಟ್ಟದ ಕಡಿ ದೋಣಿ ನಡು ಹೊಳಿಗೆ ಹೋಗೇತಿ, ಚೀಲ ನೋಡತೀನಿ, ಶೀಸೆ ಇಲ್ಲ. ಮೈಯೆಲ್ಲಾ ಬೆವರು. ನೀರು ಕಂಡು ಹೆದರಿದೆ ಅಂತ ವೈನಿ ನನ್ನ ಕೈ ಹಿಡ್ಕೊಂಡ್ಲು. ಹೊಳಿದಂಡಿ ಮ್ಯಾಲ ಹುಟ್ಟಿದಾಕಿಗೆ ನೀರಿನ ಹೆದರಿಕಿ ಏನು? ನಾ ಹೆದರಿದ್ದು ಬ್ಯಾರೇದಕ್ಕ. ಕುಡುಕರು ಬಾಟಲಿ ಮುಚ್ಚಿಡತಾರಲ್ಲ, ನನಗ ಆವತ್ತು ಅವರ ನೆನಪಾತು. ಆದ್ರೂ ಬಿಡಲಿಲ್ಲ.

2020ರಾಗ ಕೊರೋನಾ ಬಂತು. ಮೂಗು ಒರಸಿಕೊಂಡ್ರ ಜನ ಹತ್ತು ಮಾರು ಹಿಂದ ಸರೀತಿದ್ರು. ವಾಸನಿ ಹೋಗೂದೂ ಕೊರೋನಾ ಲಕ್ಷಣ ಅಂತ ಟೀವ್ಯಾಗ ಹೇಳೂ ಮುಂದ ನಾ ಅಡಗಿ ಮನ್ಯಾಗ ಹೋಗಿ ಇಂಗಿನ ಡಬ್ಬಿ ಮೂಸಿ ನೋಡಿದೆ. ಏನೂ ಇಲ್ಲ. ಎದಿ ಧಸಕ್ಕಂತು. ಪರೀಕ್ಷಾ ಮಾಡಿಸಿದ್ರ ನೆಗೆಟಿವ್ ಬಂತು. ಮನಿಮಂದಿ ಸಮಾಧಾನ ಆದ್ರು, ನಾನೂ ಆದೆ. ಕೊರೋನಾ ಅಲ್ಲಾಂದ್ರ ಮತ್ತ್ಯಾಕ ವಾಸನಿ ಹೋಗೇತಿ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳ್ಕೊಳ್ಳಲಿಲ್ಲ.

ಆಮ್ಯಾಲ ಒಂದೊಂದ ಕೂಡಿಕೋತ ಬಂತು. ಸಾರಿಗೆ ಉಪ್ಪು, ಖಾರ ಜಾಸ್ತಿ ಆಗಾಕತ್ತಿತು. ನನಗ ರುಚಿ ಹತ್ತವಲ್ದು, ಹಿಡಿ ಹಿಡಿ ಹಾಕತಿದ್ದೆ. ಊಟಕ್ಕ ಕುಂತವರು ನೀರು ಕುಡಿಯೂದು ನೋಡಿ ನನಗ ಸಿಟ್ಟು. ಕೆನ್ನಿ ಎಲಬು, ಹುಬ್ಬಿನ ಮ್ಯಾಲ ನೋವು, ಬಗ್ಗಿ ಕಸ ಹೊಡದ್ರ ಮುಖ ಕಳಚಿ ಬೀಳತೈತೇನೋ ಅನ್ನೂವಂಗ. ಕಣ್ಣಿಂದು ಅಂತ ಚಾಳೀಸು ಬದಲಿ ಮಾಡಿದೆ. ಬಲಗಿವಿ ಒಳಗ ನೀರು ಹೊಕ್ಕಂಗ ಗುಂಯ್ ಅನ್ನೂದು. ಕರದ್ರ ಕೇಳತಿದ್ದಿಲ್ಲ. ಕಿವ್ಯಾಗ ಬಿಸಿ ಎಣ್ಣಿ ಬಿಟ್ಕೊಂಡೆ. ನಿದ್ದಿಯಂತೂ ಇಲ್ಲ. ರಾತ್ರಿ ಬಾಯಿಲೆ ಉಸಿರಾಡಿ ಗಂಟಲ ಒಣಗಿ ನಾಲ್ಕು ಸಲ ಏಳೂದು, ಹಗಲಿ ಕುಂತಲ್ಲೇ ತೂಕಡಿಸೂದು. ಬಿ.ಪಿ. ಬಂದೈತಿ ಅಂತ ಅದಕ್ಕೊಂದು ಗುಳಿಗಿ. ಕಿವಿಗೊಬ್ಬರು, ತಲಿಗೊಬ್ಬರು, ಬಿ.ಪಿ.ಗೊಬ್ಬರು ಡಾಕ್ಟರು. ಇವೆಲ್ಲಾ ಒಂದ ಬಳ್ಳಿ ಕಾಯಿ ಇರಬಹುದು ಅಂತ ನನಗ ಹೊಳೀಲಿಲ್ಲ. ಯಾರೂ ಹೊಳ್ಳಿ ಒಳಗ ಬಗ್ಗಿ ನೋಡಲಿಲ್ಲ, ಯಾಕಂದ್ರ ನಾ ಯಾರಿಗೂ ಮೂಗಿನ ಸುದ್ದಿ ಹೇಳಲೇ ಇಲ್ಲ. ನೆಗಡಿ ಅಲ್ಲೇನು, ಅದನ್ನೇನು ಹೇಳೂದು?

ಮನಿಮಂದಿ ವಯಸ್ಸಾತು ಅಂತ ತಿಳ್ಕೊಂಡ್ರು. ಐವತ್ತು ದಾಟಿದ ಹೆಂಗಸಿಗೆ ಮರವು, ಕಿವುಡು, ಸಿಡಿಮಿಡಿ ಬಂದ್ರ ಯಾರು ಏನು ಕೇಳತಾರ? ನಾನೂ ಹಂಗ ತಿಳ್ಕೊಂಡೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕಿತ್ತು ಹೋತಲ್ಲ, ನೆನಪೈತಿಲ್ಲೋ? ಹೊಳಿದಂಡಿ ಊರು ನಮ್ಮವು, ಸುದ್ದಿ ಗೊತ್ತಾದ ಮ್ಯಾಲ ಎಲ್ಲಾರಿಗೂ ಎಚ್ಚರಿಕಿ. ಮರುದಿನ ಓಣ್ಯಾಗ ಎಲ್ಲಾರೂ ಸುದ್ದಿ ಕೇಳಿ ನಿದ್ದಿ ಹತ್ತಲಿಲ್ಲ ಅಂತ ಹೇಳಿಕೋತ ಕುಂತಿದ್ರು. ನನಗೇನು ಹೊಸಾದು, ನಾ ದಿನಾ ಎದ್ದೇ ಇರತಿದ್ದೆ. ಆವತ್ತು ಹಂಗ ಅಂದಿದ್ದಕ್ಕ ಎಲ್ಲಾರೂ ನಕ್ಕರು. ಸೊಸಿ ಒಬ್ಬಾಕಿ ನಗಲಿಲ್ಲ, ಆಕಿ ತೌರಮನ್ಯಾಗ ಇದ್ಲು, ಬಾಣಂತಿ.

ಕಾರ್ತಿಕದಾಗ ಕೂಸು ಮನಿಗೆ ಬಂತು. ಐದು ತಿಂಗಳ ಹೆಣ್ಣು ಕೂಸು. ಎರಿಯೂ ಕೆಲಸ ನಂದು. ಹರಳೆಣ್ಣಿ ಹಚ್ಚಿ, ಬಿಸಿನೀರು ಹಾಕಿ, ಲೋಬಾನದ ಹೊಗಿ ತೋರಿಸಿ, ಅರಿವ್ಯಾಗ ಸುತ್ತಿ ಕೊಟ್ಟರ ಎಲ್ಲಾರೂ ಅದರ ನೆತ್ತಿ ಮೂಸತಿದ್ರು. "ಎಂಥಾ ವಾಸನಿ ನೋಡ್ರಿ ಅತ್ತಿ" ಅಂತ ಸೊಸಿ ನನ್ನ ಮುಖದ ಹತ್ರ ಹಿಡೀತಿದ್ಲು. ನಾನೂ ಮೂಸಿ, ಹೂಂ ಅಂತಿದ್ದೆ. ಏನೂ ಬರತಿದ್ದಿಲ್ಲ. ನನ್ನ ಮಗನ ನೆತ್ತಿ ವಾಸನಿ ನನಗ ಇನ್ನೂ ನೆನಪೈತಿ. ಮೊಮ್ಮಗಳದು ಹೆಂಗಿತ್ತು ಅಂತ ಗೊತ್ತಿಲ್ಲ. ಲೋಬಾನದ ಹೊಗಿಗೆ ಮೂಗು ಇನ್ನೂ ಬಾಯುತಿತ್ತು. ಎರದು ಮುಗಿಸಿ ಬಚ್ಚಲ ಹಿಂದ ಹೋಗಿ ಹನಿ ಬಿಟ್ಕೊಂಡು ಬರತಿದ್ದೆ.

ಡಿಸೆಂಬರ ತಿಂಗಳು. ಹನುಮಮಾಲಿ ಹಾಕಿದವರು ಅಂಜನಾದ್ರಿಗೆ ಬರೂ ದಿನ. ರಸ್ತೆ ತುಂಬ ಗಾಡಿ, ಧೂಳು, ಮನ್ಯಾಗ ಹೋಗ ಬರೂ ಬೀಗರು. ಸಂಜಿ ನಾಲ್ಕರ ಹೊತ್ತು. ನಮ್ಮನಿಯವ್ರು, ಮಗ ಬೀಗರನ್ನ ಕರಕೊಂಡು ಗುಡ್ಡದ ಕಡಿ ಹೋಗಿದ್ರು. ಕೂಸು ಅಡಗಿ ಮನಿ ಬಾಜು ಖೋಲ್ಯಾಗ ಚಾಪಿ ಮ್ಯಾಲ ಮಲಗಿತ್ತು. ಸೊಸಿ ಹಿತ್ತಲದಾಗ ಅರಿವಿ ಒಣಹಾಕತಿದ್ಲು. ನಾ ಒಲಿ ಮ್ಯಾಲ ಹಾಲಿಟ್ಟು ಪಡಸಾಲಿಯಾಗ ಅಕ್ಕಿ ಹಸನ ಮಾಡಿಕೋತ ಕುಂತೆ. ತೂಕಡಿಕಿ ಬಂದಿರಬೇಕು. ಎಚ್ಚರಾಗಿ ಅಡಗಿ ಮನಿಗೆ ಹೋದೆ. ಹಾಲು ಉಕ್ಕಿ ಒಲಿ ತುಂಬ ಹರದಿತ್ತು, ಉರಿ ಇದ್ದಿಲ್ಲ. ಉರಿ ಇಲ್ಲಲ್ಲ, ಸೊಸಿ ಬಂದು ಬಂದ್ ಮಾಡಿರಬೇಕು ಅಂದ್ಕೊಂಡೆ. ಅರಿವಿಲೆ ಒರಸಿದೆ. ಬಾಜು ಒಲಿ ಮ್ಯಾಲ ಚಹಾದ ಬೋಗಾಣಿ ಇಟ್ಟು ಲೈಟರ್ ಕೈಯಾಗ ಹಿಡದೆ.

ಹಿಂದಿನಿಂದ ಸೊಸಿ ಬಂದು ನನ್ನ ಮಣಿಕಟ್ಟು ಹಿಡದು ಜಗ್ಗಿದ್ಲು. ಲೈಟರ್ ಕೆಳಗ ಬಿತ್ತು. "ಅತ್ತಿ, ಗ್ಯಾಸ್!" ಅಂದ್ಲು. ನನಗ ಮೊದಲ ಕೇಳಲೇ ಇಲ್ಲ, ಆಕಿ ಬಾಯಿ ನೋಡಿ ತಿಳೀತು. ಆಕಿ ರೆಗ್ಯುಲೇಟರ್ ಬಂದ್ ಮಾಡಿದ್ಲು, ಬಾಗಲ, ಕಿಡಕಿ ತಗದ್ಲು, ಓಡಿ ಹೋಗಿ ಕೂಸು ಎತ್ಕೊಂಡು ಹಿತ್ತಲಕ್ಕ ಹೋದ್ಲು. ನಾನೂ ಹಿಂದ ಹೋದೆ. ಫ್ಯಾನ್ ಹಾಕಲೇನು ಅಂತ ಸ್ವಿಚ್ಚಿನ ಕಡಿ ಕೈ ಮಾಡಿದ್ದಕ್ಕ ಆಕಿ ಒದರಿದ್ಲು. ಸ್ವಿಚ್ಚಿನ ಕಿಡಿ ಸೈತ ಸಾಕಂತ, ಹತ್ತೂದಕ್ಕ.

ಹಿತ್ತಲದಾಗ ತೊಗರಿ ಕಟ್ಟಿಗಿ ಮಗ್ಗಲು ನಿಂತಿದ್ವಿ. ಆಕಿ ಕೈ ನಡಗತಿದ್ವು. ಭಾಳ ಹೊತ್ತು ಆದ ಮ್ಯಾಲ ಕೇಳಿದ್ಲು, "ಅತ್ತಿ, ಹಿತ್ತಲದಾಗ ನನಗ ಬಂತು. ಒಲಿ ಮುಂದ ನಿಂತ ನಿಮಗ ವಾಸನಿ ಬರಲಿಲ್ಲೇನು?"

"ನೆಗಡಿ ಆಗೇತಿ ತಂಗಿ" ಅಂದೆ.

"ನಾ ಮದಿವಿ ಆಗಿ ಬಂದಾಗಿಂದ ನಿಮಗ ನೆಗಡಿ ಐತಿ" ಅಂದ್ಲು.

ನಾ ಏನೂ ಮಾತಾಡಲಿಲ್ಲ. ಆವತ್ತು ರಾತ್ರಿ ಎಲ್ಲಾರೂ ಮಲಗಿದ ಮ್ಯಾಲ ಆಕಿ ನನ್ನ ಹತ್ರ ಬಂದು ಮೂರು ಶೀಸೆ ನನ್ನ ಮುಂದಿಟ್ಟಳು. ದಿಂಬಿನ ಬುಡಕಿಂದು, ಚೀಲದಾಗಿಂದು, ಜಗಲಿ ಹಿಂದಿಂದು. ಆಕಿಗೆ ಮೊದಲೇ ಗೊತ್ತಿತ್ತು. ಮಗನಿಗೆ ಹೇಳಿದ್ದಿಲ್ಲ. "ನಾಳಿಗೆ ಹೋಗೂನು ನಡೀರಿ" ಅಂದ್ಲು ಅಷ್ಟ. ಆದ್ರ ಆವತ್ತಿನಿಂದ ಕೂಸಿನ ಜೊತಿ ನನ್ನೊಬ್ಬಾಕಿನ್ನ ಮನ್ಯಾಗ ಬಿಡೂದು ನಿಲ್ಲಿಸಿದ್ಲು. ಬಾಯಿಬಿಟ್ಟು ಏನೂ ಅನ್ನಲಿಲ್ಲ, ಎಲ್ಲಿಗೆ ಹೋದ್ರೂ ಕೂಸು ಕಟ್ಟಿಕೊಂಡ ಹೋಗತಿದ್ಲು. ಅದು ನನಗ ಮೂಗಿನ ನೋವಿಗಿಂತ ಜಾಸ್ತಿ ಹತ್ತಿತು. ಆದ್ರ ಆಕಿ ಜಾಗಾದಾಗ ನಾ ಇದ್ರೂ ಹಂಗ ಮಾಡತಿದ್ದೆ.

ಗಂಗಾವತ್ಯಾಗ ಕಿವಿ, ಮೂಗು, ಗಂಟಲ ಡಾಕ್ಟರ ಹತ್ರ ಹೋದ್ವಿ. ನಾ ಕಿವಿದಷ್ಟ ಹೇಳಿದೆ. ಸೊಸಿ ಶೀಸೆ ತಗದು ಟೇಬಲ್ ಮ್ಯಾಲ ಇಟ್ಟಳು. ಡಾಕ್ಟರು ಅದನ್ನ ನೋಡಿ, "ಎಷ್ಟು ವರ್ಷ?" ಅಂದ್ರು. ಐದು ಅಂದೆ. ಬೈತಾರ ಅಂತ ತಲಿ ಬಗ್ಗಿಸಿ ಕುಂತಿದ್ದೆ, ಬೈಲಿಲ್ಲ. ನಿಮ್ಮಂಥವರು ಭಾಳ ಜನ ಬರತಾರ ಅಂದ್ರು.

ಸಣ್ಣ ಕೊಳವಿ ತುದಿಗೆ ಲೈಟಿರೂ ದುರ್ಬೀನು ಮೂಗಿನಾಗ ಹಾಕಿ ಟೀವ್ಯಾಗ ತೋರಿಸಿದ್ರು. ಎರಡೂ ಕಡಿ ಸಿಪ್ಪಿ ಸುಲದ ದ್ರಾಕ್ಷಿಯಂಥವು ಜೋತಾಡತಿದ್ವು. ಅವಕ್ಕ ಪಾಲಿಪ್ ಅಂತಾರ, ಕ್ಯಾನ್ಸರ್ ಅಲ್ಲ, ಭಾಳ ದಿನ ಬಾತಿದ್ದ ಪೊರಿ ಹಿಂಗ ಜೋತು ಬೀಳತೈತಿ ಅಂದ್ರು. ತೋಳಿನ ಮ್ಯಾಲ ಚುಚ್ಚಿ ಅಲರ್ಜಿ ಪರೀಕ್ಷಾ ಮಾಡಿದ್ರು, ಒಂದೂ ಏಳಲಿಲ್ಲ. ರಕ್ತದಾಗೂ ಇಲ್ಲ. ಅಂದ್ರ ಬದನಿಕಾಯಿ, ಮಜ್ಜಿಗಿ, ಬಾಳೆಹಣ್ಣು ಎಲ್ಲಾ ನಿರಪರಾಧಿಗಳು! ಇದಕ್ಕ ಅಲರ್ಜಿ ಅಲ್ಲದ ನೆಗಡಿ ಅಂತಾರಂತ. ಅದರಾಗ ಒಂದು ತರದ್ದಕ್ಕ ವ್ಯಾಸೋಮೋಟರ್ ರೈನೈಟಿಸ್ ಅಂತ ಹೆಸರು. ಮೂಗಿನ ಒಳಗಿನ ನರ, ರಕ್ತನಾಳ ಸಣ್ಣದಕ್ಕೂ ಸಿಡಿಮಿಡಿ ಮಾಡತಾವ. ಹೊಗಿ, ಘಾಟು, ಖಾರ, ತಣ್ಣನ ಗಾಳಿ ಸೋಕಿದ್ರ ಸಾಕು, ಬಾಯತಾವ, ನೀರು ಬಿಡತಾವ. ಅಲರ್ಜಿ ನೆಗಡಿ ಭಾಳ ಮಂದಿಗೆ ಸಣ್ಣ ವಯಸ್ಸಿನಾಗ ಶುರು ಆದ್ರ, ಇದು ದೊಡ್ಡವರಾದ ಮ್ಯಾಲ ಬರೂದು ಜಾಸ್ತಿ, ಹೆಂಗಸರಿಗೂ ಜಾಸ್ತಿ.

ಮುಂದಿಂದು ನನಗ ತಿಳಿಯೂವಂಗ ಹೇಳಿದ್ರು. ನಿಮ್ಮ ಗದ್ದಿಗೆ ಕಾಲುವಿ ಐತಿಲ್ಲೋ, ಅದರ ತೂಬು ಮುಚ್ಚಿದ್ರ ಏನಾಗತೈತಿ ಅಂತ ಕೇಳಿದ್ರು. ನೀರು ನಿಂತು ಬೇರು ಕೊಳೀತಾವ ಅಂದೆ. ಅಷ್ಟ ಅಂದ್ರು. ಮುಖದ ಎಲಬಿನ ಒಳಗ, ಹಣಿಯಾಗ, ಕೆನ್ನ್ಯಾಗ, ಕಣ್ಣಿನ ನಡುವ, ಮೂಗಿನ ಹಿಂದ ಟೊಳ್ಳು ಖೋಲಿ ಅದಾವ, ಅವಕ್ಕ ಸೈನಸ್ ಅಂತಾರ. ಅವುಗಳ ನೀರು ಮೂಗಿನಾಗ ಹರದು ಬರಬೇಕು. ಮೂಗು ಬಾತು, ಪಾಲಿಪ್ ಅಡ್ಡ ನಿಂತು ಬಾಯಿ ಮುಚ್ಚಿದ್ರ ನೀರು ನಿಂತು ಕೀವು ಆಗತೈತಿ. ಇದು ಹನ್ನೆರಡು ವಾರ ದಾಟಿದ್ರ ಹಳೇ ಸೈನಸೈಟಿಸ್. ನನ್ನ ಮುಖದ ನೋವು ಅದು, ಚಾಳೀಸಿಂದಲ್ಲ. ಮೂಗಿನ ಹಿಂದಿನಿಂದ ಕಿವಿಗೊಂದು ಸಣ್ಣ ಕೊಳವಿ ಹೋಗೇತಿ, ಅದು ಮುಚ್ಚಿದ್ರ ಕಿವಿ ಪರದಿ ಹಿಂದ ನೀರು ನಿಲ್ಲತೈತಿ. ನನ್ನ ಕಿವುಡು ಅದು. ವಾಸನಿ ಹಿಡಿಯೂ ನರ ಮೂಗಿನ ಮಾಳಿಗಿಯಾಗ ಐತಿ, ಗಾಳಿ ಅಲ್ಲಿತನಕ ಏರದಿದ್ರ ವಾಸನಿ ಎಲ್ಲಿಂದ ಬರಬೇಕು? ನಾಲಿಗಿಗೆ ಗೊತ್ತಾಗೂದು ಉಪ್ಪು, ಹುಳಿ, ಸಿಹಿ, ಕಹಿಯಂಥ ನಾಲ್ಕೈದು. ಸಾರಿನ ರುಚಿ ಅಂತೀವಲ್ಲ, ಅದರಾಗ ಅರ್ಧಕ್ಕಿಂತ ಜಾಸ್ತಿ ಮೂಗಿನ ಕೆಲಸ. ಮೂಗು ಕಟ್ಟಿದ್ರ ನಿದ್ದಿ ಕೆಡತೈತಿ, ನಿದ್ದಿ ಕೆಟ್ಟರ ಮರವು, ಸಿಟ್ಟು. ನನ್ನ ಐದಾರು ರೋಗ ಎಲ್ಲಾ ಒಂದ ಮನಿ ಮಕ್ಕಳು.

ಹನಿ ಔಷಧದ ಸುದ್ದಿ ಕಡಿಗೆ ಹೇಳಿದ್ರು. ಅದು ಮೂಗಿನ ರಕ್ತನಾಳ ಗಟ್ಟಿ ಹಿಂಡತೈತಿ, ಅದಕ್ಕ ಬಾವು ತಟ್ಟನ ಇಳೀತೈತಿ. ಹಿಡಿತ ಬಿಟ್ಟ ಮ್ಯಾಲ ಮೊದಲಿಗಿಂತ ಜಾಸ್ತಿ ಬಾಯತೈತಿ. ಮತ್ತ ಹನಿ, ಮತ್ತ ಬಾವು. ಮೂರು ದಿನ, ಭಾಳ ಅಂದ್ರ ಐದು ದಿನದ ಮ್ಯಾಲ ಹಾಕಬಾರದು. ಬಿ.ಪಿ. ಇದ್ದವರು ಕೇಳದ ಮುಟ್ಟಬಾರದು. ನಾ ಐದು ದಿನದ್ದನ್ನ ಐದು ವರ್ಷ ಹಾಕಿದ್ದೆ. ಎಂಟು ವರ್ಷದ ಮೂಗಿಗೆ ಮೊದಲ ಮೂರು ವರ್ಷ ರೋಗ, ಆಮ್ಯಾಲ ಐದು ವರ್ಷ ರೋಗದ ಮ್ಯಾಲ ಔಷಧದ ರೋಗ.

ಬಿಡೂದು ಸರಳಿದ್ದಿಲ್ಲ. ಒಂದು ವಾರ, ಹತ್ತು ದಿನ ಕುಂತ ಮಲಗೀನಿ, ಬೆನ್ನಿಗೆ ಮೂರು ದಿಂಬು. ರಾತ್ರಿ ಎರಡಕ್ಕ ಎದ್ದು ಜಗಲಿ ಹಿಂದ ಕೈ ಹಾಕಿ ನೋಡಿದ್ದೂ ಐತಿ. ಶೀಸೆ ಇದ್ದಿಲ್ಲ, ಸೊಸಿ ಒಗದಿದ್ಲು. ಕೊಟ್ಟಿದ್ದು ಬ್ಯಾರೆ ಸ್ಪ್ರೇ, ಬಾವು ನಿಧಾನಕ ಇಳಿಸೂದು. ಸ್ಟಿರಾಯ್ಡ್ ಅಂತ ಕೇಳಿ ಬಾಜು ಮನಿ ಅಕ್ಕ ಹೆದರಿಸಿದ್ಲು. ಡಾಕ್ಟರನ್ನ ಕೇಳಿದೆ. ಮೂಗಿನಾಗ ಹಾಕೂದು ಭಾಳ ಸಣ್ಣ ಪ್ರಮಾಣ, ರಕ್ತಕ್ಕ ಹೋಗೂದು ಕಡಿಮಿ ಅಂದ್ರು. ಆದ್ರ ಹನಿಯಂಗ ಎರಡು ನಿಮಿಷದಾಗ ಕೆಲಸ ಮಾಡೂದಿಲ್ಲ, ವಾರ, ಎರಡು ವಾರ ಕಾಯಬೇಕು, ದಿನಾ ತಪ್ಪಬಾರದು. ಹಾಕೂದಕ್ಕೊಂದು ರೀತಿ ಐತಿ. ಬಲಗೈಲೆ ಎಡ ಹೊಳ್ಳಿಗೆ, ಎಡಗೈಲೆ ಬಲ ಹೊಳ್ಳಿಗೆ, ತುದಿ ಕಣ್ಣಿನ ಕಡಿ, ನಡುವಿನ ಗ್ವಾಡಿ ಕಡಿ ಅಲ್ಲ. ಜೋರಾಗಿ ಸೇದಬಾರದು.

ಅದಕ್ಕಿಂತ ಮೊದಲ ಉಪ್ಪುನೀರಿಲೆ ಮೂಗು ತೊಳಿಯೂದು. ಕಾಲು ಲೀಟರಿನಷ್ಟು ನೀರಿಗೆ ಅರ್ಧ ಚಹಾ ಚಮಚ ಉಪ್ಪು, ಒಂದು ಚಿಟಿಕಿ ಅಡಗಿ ಸೋಡಾ. ಅಯೋಡಿನ್ ಇಲ್ಲದ ಉಪ್ಪಾದ್ರ ಛಲೋ. ಬಚ್ಚಲಕ್ಕ ಬಗ್ಗಿ ಒಂದು ಹೊಳ್ಳಿಗೆ ಹಾಕಿದ್ರ ಇನ್ನೊಂದರಾಗ ಬರತೈತಿ. ಒಂದು ಮಾತು ಗಟ್ಟಿ ನೆನಪಿಡ್ರಿ. ನೀರು ಕುದಿಸಿ ಆರಿಸಿದ್ದ ಇರಬೇಕು. ಹೊಳಿ ನೀರು, ಬೋರಿನ ನೀರು, ನಳದ ನೀರು ಹಸೀದು ಮೂಗಿಗೆ ಹಾಕಬ್ಯಾಡ್ರಿ. ನೀರಿನಾಗ ಒಂದು ತರದ ಅಮೀಬಾ ಇರತೈತಿ, ಕುಡದ್ರ ಏನೂ ಮಾಡೂದಿಲ್ಲ, ಮೂಗಿಗೆ ಏರಿದ್ರ ಮೆದುಳಿಗೆ ಹೋಗತೈತಿ. ಭಾಳ ಅಪರೂಪ, ಆದ್ರ 2024ರಾಗ ಕೇರಳದಾಗ ಮಕ್ಕಳು ಸತ್ತಾರ. ಕುದಿಸೂದು ಹತ್ತು ನಿಮಿಷದ ಕೆಲಸ.

ಮನ್ಯಾಗ ಒಂದಿಷ್ಟು ಬದಲಿ ಆತು. ಒಗ್ಗರಣಿ ಹಾಕೂ ಮುಂದ ಕಿಡಕಿ ತಗೀತೀನಿ. ದೇವರಿಗೆ ಎಣ್ಣಿ ದೀಪ, ಊದಿನಕಡ್ಡಿ ಇಲ್ಲ. ಕೂಸಿಗೆ ಲೋಬಾನ ಬಿಟ್ವಿ, ಹೊಗಿ ಕೂಸಿನ ಪುಪ್ಪುಸಕ್ಕೂ ಛಲೋ ಅಲ್ಲಂತ. ಗದ್ದ್ಯಾಗ ಹುಲ್ಲು ಸುಡೂದು ಬ್ಯಾಡ ಅಂತ ನಮ್ಮನಿಯವ್ರಿಗೆ ಹೇಳಿದೆ, ನಮ್ಮ ಎರಡೆಕರೆದಷ್ಟು ಬಿಟ್ಟಾರ, ಊರಿನ ಮಂದೀನ್ನ ಯಾರು ಕೇಳಬೇಕು? ಹೊಗಿ ಎದ್ದ ದಿನ ಬಾಯಿ, ಮೂಗಿಗೆ ಅರಿವಿ ಕಟ್ಟಿಕೋತೀನಿ. ಗ್ಯಾಸಿನ ಸುದ್ದಿ ಎಲ್ಲಾರೂ ತಿಳ್ಕೋರಿ. ಗ್ಯಾಸಿಗೆ ತನ್ನದಂತ ವಾಸನಿ ಇಲ್ಲ, ಸೋರಿದ್ದು ಗೊತ್ತಾಗಲಿ ಅಂತ ಬೇಕಂತ ಕೆಟ್ಟ ವಾಸನಿ ಕೂಡಸತಾರ. ಅದು ಗಾಳಿಗಿಂತ ಭಾರ, ನೆಲದ ಮ್ಯಾಲ ಹರದು ಬಂದು ಕುಂದರತೈತಿ. ಚಾಪಿ ಮ್ಯಾಲ ಮಲಗಿದ್ದ ಕೂಸಿನ ನೆನಪಾದ್ರ ಈಗೂ ಹೊಟ್ಟಿ ಹಿಂಡತೈತಿ. ಸೋರಿದ್ರ ಸ್ವಿಚ್ ಹಾಕಬ್ಯಾಡ್ರಿ, ತಗೀಬ್ಯಾಡ್ರಿ, ರೆಗ್ಯುಲೇಟರ್ ಬಂದ್ ಮಾಡಿ, ಬಾಗಲ, ಕಿಡಕಿ ತಗದು, ಹೊರಗ ಹೋಗಿ 1906ಕ್ಕ ಫೋನ್ ಮಾಡ್ರಿ.

ಇನ್ನು ಯಾರು ತಡಾ ಮಾಡಬಾರದು ಅಂದ್ರ: ಒಂದ ಹೊಳ್ಳಿ ಮಾತ್ರ ಯಾವಾಗ್ಲೂ ಮುಚ್ಚಿರೂವರು, ಒಂದ ಕಡಿ ರಕ್ತ ಬರೂವರು, ಕಣ್ಣಿನ ಸುತ್ತ ಬಾವು ಬಂದವರು, ಒಂದು ಎರಡಾಗಿ ಕಾಣೂವರು, ಜ್ವರದ ಜೊತಿ ತಲಿ ಸಿಡದು ಕುತ್ತಿಗಿ ಬಿಗದವರು. ಇವರು ದವಾಖಾನಿಗೆ ಆವತ್ತ ಹೋಗಬೇಕು. ಪಾಲಿಪ್ ಜೊತಿ ದಮ್ಮು ಇದ್ದವರಾಗ ಕೆಲವರಿಗೆ ಆಸ್ಪಿರಿನ್ನಿನಂಥ ನೋವಿನ ಗುಳಿಗಿ ಆಗಿಬರೂದಿಲ್ಲ, ಅದನ್ನೂ ಕೇಳಿ ತಗೋರಿ. ಬ್ಯಾರೆ ಗುಳಿಗಿ ನುಂಗತಿದ್ರ ಅವನ್ನೂ ತಗೊಂಡು ಹೋಗ್ರಿ, ಬಿ.ಪಿ.ಗೆ ಕೊಡೂ ಕೆಲವು ಗುಳಿಗಿಯಿಂದಲೂ ಮೂಗು ಕಟ್ಟೂದುಂಟು.

ನನ್ನ ಮೂಗು ಪೂರಾ ಆರಾಮಾತು ಅಂತ ಹೇಳಾಕ ಬರೂದಿಲ್ಲ. ಪಾಲಿಪ್ ಸಣ್ಣವಾಗ್ಯಾವ, ಹೋಗಿಲ್ಲ. ಮತ್ತ ಬೆಳದ್ರ ದುರ್ಬೀನಿನ ಆಪರೇಷನ್ ಮಾಡೂನು, ಮಾಡಿದ್ರೂ ಮತ್ತ ಬರಬಹುದು, ಸ್ಪ್ರೇ ಬಿಡಾಕ ಬರೂದಿಲ್ಲ ಅಂದಾರ. ಕಿವಿ ಬಿಟ್ಟೈತಿ. ಎರಡು ಮೂರು ತಿಂಗಳ ಮ್ಯಾಲ ರಾತ್ರಿ ಪೂರಾ ಮಲಗಿದೆ. ವಾಸನಿಗೆ ಒಂದು ಅಭ್ಯಾಸ ಹೇಳ್ಯಾರ, ಲವಂಗ, ನಿಂಬಿಕಾಯಿ, ಗುಲಾಬಿ, ನೀಲಗಿರಿ, ಈ ನಾಲ್ಕು ದಿನಕ್ಕ ಎರಡು ಸಲ ಒಂದೊಂದ ಮೂಸಿ, ಅದರ ನೆನಪು ಮಾಡ್ಕೊಳ್ಳೂದು. ಮೊದಲು ಲವಂಗ ಬಂತು. ನಿಂಬಿಕಾಯಿ ಈಗೀಗ. ಗುಲಾಬಿ ಇನ್ನೂ ಇಲ್ಲ. ಕೂಸಿನ ನೆತ್ತಿಯಾಗ ಒಂದು ದಿನ ಎಣ್ಣಿ ವಾಸನಿ ಬಂದಂಗ ಆತು. ಬಂತೋ, ನಾ ಆಸಿಪಟ್ಟು ಬಂತು ಅಂದ್ಕೊಂಡೆನೋ ಗೊತ್ತಿಲ್ಲ. ಈಗ ಅದು ಹಾಲುಗೂಸಲ್ಲ, ನಡಿಯಾಕತ್ತೈತಿ, ನೆತ್ತಿ ಮೂಸಾಕ ಹೋದ್ರ ಓಡತೈತಿ.

ಮೊನ್ನೆ ಸೊಸಿಗೆ ಗಂಗಾವತ್ಯಾಗ ಕೆಲಸ ಇತ್ತು. ಚಪ್ಪಲ ಮೆಟ್ಟಿಕೊಂಡು ಬಾಗಲತನಕ ಹೋದಾಕಿ ವಾಪಸ್ ಬಂದ್ಲು. ಕೂಸು ನನ್ನ ಉಡಿಯಾಗ ಹಾಕಿ, "ಎರಡು ತಾಸಿನಾಗ ಬರತೀನಿ ಅತ್ತಿ" ಅಂದ್ಲು. ವರ್ಷದ ಮ್ಯಾಲ ಮೊದಲನೇ ಸಲ. ಹೋಗೂ ಮುಂದ ಅಡಗಿ ಮನಿಗೆ ಹೋಗಿ ಸಿಲಿಂಡರ್ ಬಂದ್ ಮಾಡಿ ಹೋದ್ಲು. ಮಾಡಲಿ. ಆಕಿ ಬರೂತನಕ ಚಹಾ ಕುಡೀಲಿಲ್ಲ, ಅಷ್ಟ.